ಪಾಪಣ್ಣನ ನಗು
ಹಲಸೂರು ಕಡೆಯ ನಮ್ಮ ಆಸ್ಪತ್ರೆಯಲ್ಲಿ ಹೃದಯದ ಬಡಿತ ತೋರಿಸುವ ಮಾನಿಟರ್‌ಗಳು ಎಂಟಿದ್ದರೂ ರೋಗಿಗಳ ಮನೆಯವರು ಓದುತ್ತಿದ್ದದ್ದು ಒಂಬತ್ತನೆಯದನ್ನು, ಅಂದರೆ ಟೆಕ್ನಿಷಿಯನ್ ಪಾಪಣ್ಣನ ಮುಖವನ್ನು. ಹಸಿರು ಗೆರೆ ಅವರಿಗೆ ಅರ್ಥವಾಗದು. ಪಾಪಣ್ಣ ಹುಬ್ಬು ಗಂಟಿಕ್ಕಿದರೆ ಮಾತ್ರ ಅಳು ಶಿವಾಜಿನಗರದವರೆಗೂ ಕೇಳಿಸುತ್ತಿತ್ತು. ಅದಕ್ಕೇ ಅವನು ಸದಾ ನಗುತ್ತಿದ್ದ. ಅಲಾರಂ ಕೂಗಿದರೂ ಓಡುತ್ತಿರಲಿಲ್ಲ. ಮದುವೆಮನೆಯಲ್ಲಿ ಪಾಯಸ ಬಡಿಸುವವನಂತೆ ನಿಧಾನವಾಗಿ ಬಂದು, “ವೈರ್ ಬಿಟ್ಕೊಂಡಿದೆ ಅಷ್ಟೇ ರೀ, ನೀವು ಕಾಫಿ ಕುಡ್ಕೊಂಡ್ ಬನ್ನಿ” ಎನ್ನುತ್ತ, ಬೆನ್ನ ಹಿಂದಿನ ಕೈಯಲ್ಲಿ ಡಾಕ್ಟರನ್ನು ಕರೆಯಲು ನರ್ಸಿಗೆ ಸನ್ನೆ ಮಾಡುತ್ತಿದ್ದ. ಸಂಜೆ ಅವನ ಬನಿಯನ್ ಹಿಂಡಿದರೆ ಹಲಸೂರು ಕೆರೆ ಒಂದು ಗೇಣು ಏರುತ್ತಿತ್ತು. ನಗು ಎಷ್ಟು ಅಂಟಿಕೊಂಡಿತ್ತೆಂದರೆ, ಮಾವನ ಸಾವಿಗೆ ಹೋದಾಗ ಹೆಂಡತಿ ಅವನ ಬಾಯಿಗೆ ಟವೆಲ್ ಕಟ್ಟಿದ್ದಳಂತೆ. ಎದೆನೋವೆಂದು ಕೆ.ಆರ್. ಪುರದಿಂದ ಅವನ ತಾಯಿ ಅಕ್ಕಯ್ಯಮ್ಮನನ್ನೇ ತಂದು ಮೂರನೆಯ ಹಾಸಿಗೆಯಲ್ಲಿ ಮಲಗಿಸಿದ ದಿನವೂ ಪಾಪಣ್ಣ ನಗುನಗುತ್ತಲೇ ವೈರುಗಳನ್ನು ಅಂಟಿಸಿದ. ಸ್ವಲ್ಪ ಹೊತ್ತಿಗೆ ಗೆರೆ ತಡವರಿಸಿತು, ಅಲಾರಂ ಕೂಗಿತು. ಅಕ್ಕಪಕ್ಕದಲ್ಲಿ ನರ್ಸ್ ಇರಲಿಲ್ಲ. “ಏನಿಲ್ಲಮ್ಮ, ವೈರ್ ಬಿಟ್ಕೊಂಡಿದೆ” ಎಂದ. ಮುದುಕಿ ಮಾನಿಟರ್ ಕಡೆ ತಿರುಗಲೇ ಇಲ್ಲ. ಮಗನ ಮುಖವನ್ನೇ ನೋಡಿದಳು. “ಚಿಕ್ಕೋನಿದ್ದಾಗ್ಲೂ ಹೆದರ್ಕೊಂಡಾಗ್ಲೇ ಹಿಂಗ್ ನಗ್ತಿದ್ದೆ ಕಣೋ. ನಕ್ಕಿದ್ದು ಸಾಕು, ಹೋಗಿ ಡಾಕ್ಟ್ರನ್ನ ಕರ್ಕೊಂಡ್ ಬಾ” ಎಂದಳು. ಹದಿನೆಂಟು ವರ್ಷಗಳಲ್ಲಿ ಪಾಪಣ್ಣ ವಾರ್ಡಿನಲ್ಲಿ ಓಡಿದ್ದನ್ನು ನಾವು ನೋಡಿದ್ದು ಅದೊಂದೇ ಸಲ.