ಸೀಮೆಸುಣ್ಣದ ಡಬ್ಬಿಗೆ ಬಿದ್ದ ಹೆಸರುಗಳು

ಅರವತ್ತರ ದಶಕದ ನಡುವೆ ಹೊಸನಗರದ ಹೈಸ್ಕೂಲೊಂದರಲ್ಲಿ ನಾನು ತಾತ್ಕಾಲಿಕ ಮೇಷ್ಟ್ರು. ವರ್ಷ ಯಾವುದೆಂದು ಆಣೆ ಮಾಡಿ ಹೇಳಲಾರೆ. ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಮಾಡಿ ಬಂದವನಿಗೆ, ಸರ್ವಾಧಿಕಾರದ ಬಗ್ಗೆ ಪಠ್ಯದಲ್ಲಿದ್ದ ಅರ್ಧ ಪುಟ ಸಾಲದೆನಿಸಿತು.

ಗಲಾಟೆ ಮಾಡಿದವರ ಹೆಸರನ್ನು ಮಾನಿಟರ್ ಬೋರ್ಡಿನ ಮೂಲೆಯಲ್ಲಿ ಬರೆಯುವುದು ಅಲ್ಲಿನ ರೂಢಿ. ಎಲ್ಲರಿಗೂ ಕಾಣುವ ವ್ಯವಹಾರ. "ಅಳ್ಸಾ, ನೆಲ್ಲಿಕಾಯಿ ಕೊಡ್ತೀನಿ" ಎಂದರೆ ಹೆಸರು ಮಾಯ. ನಾನು ಬೋರ್ಡು ಒರೆಸಿ, ಮೇಜಿನ ಮೇಲೆ ಸೀಮೆಸುಣ್ಣದ ಖಾಲಿ ಡಬ್ಬಿ ಇಟ್ಟೆ. ನನ್ನ ವಿರುದ್ಧ ಮಾತಾಡಿದವರ ಹೆಸರನ್ನು ಗುಟ್ಟಾಗಿ ಚೀಟಿಯಲ್ಲಿ ಬರೆದು ಹಾಕಬೇಕು ಎಂದೆ. ಮೂರನೆಯ ದಿನ ಚೀಟಿಗಳನ್ನು ಓದದೆ ಹುಡುಗರೆದುರೇ ಸುಟ್ಟು, ಇದು ಸರ್ವಾಧಿಕಾರದ ಪಾಠವಾಗಿತ್ತೆಂದು ತಿಳಿಸುವುದು ನನ್ನ ಯೋಚನೆ. ಇದನ್ನು ಹೇಳಿದ್ದು ನನ್ನ ಬಾಡಿಗೆ ಕೋಣೆಯಲ್ಲೇ ಇದ್ದ ಗೆಳೆಯ, ವಿಜ್ಞಾನದ ಮೇಷ್ಟ್ರಿಗೆ ಮಾತ್ರ. "ಭಾರೀ ತಲೆ ಮಾರಾಯ ನಿಂದು" ಎಂದು ನಕ್ಕಿದ್ದ.

ಎರಡೇ ದಿನಕ್ಕೆ ಡಬ್ಬಿ ತುಂಬಿತು. ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದ ಹುಡುಗರು ಗೋಡೆಗೆ ಮುಖ ಮಾಡಿ ಉಂಡರು. ನನಗೆ ಒಳಗೊಳಗೇ ಖುಷಿ. ಬರೆಯಲು ಈಗ ನಾಚಿಕೆಯಾಗುತ್ತದೆ.

ಮೂರನೆಯ ಬೆಳಿಗ್ಗೆ ಡಬ್ಬಿ ಹೆಡ್‌ಮಾಸ್ತರರ ಮೇಜಿನ ಮೇಲಿತ್ತು. ಯಾರೋ ಒಬ್ಬ ಹುಡುಗಿಯ ಅಪ್ಪ ದೂರು ಕೊಟ್ಟಿದ್ದರಂತೆ.

"ಎಂತ ಸ್ವಾಮಿ ಇದು? ಮಕ್ಕಳ ಕೈಲಿ ಚಾಡಿ ಹೇಳಿಸ್ತೀರಾ?"

"ಪಾಠ ಸಾರ್. ಇವತ್ತೇ ಬಿಡಿಸಿ ಹೇಳ್ತಿದ್ದೆ. ಬೇಕಾದ್ರೆ ಇವ್ರನ್ನ ಕೇಳಿ."

ಪಕ್ಕದಲ್ಲೇ ನಿಂತಿದ್ದ ಗೆಳೆಯ ಕಿಟಕಿಯ ಕಡೆ ನೋಡಿದ. "ನಂಗೆಂತದೂ ಗೊತ್ತಿಲ್ಲ ಸಾರ್. ಇವ್ರು ಹೇಳಿದ್ದಿಲ್ಲ."

ಚೀಟಿ ಸುಡುವ ಮಾತನ್ನು ಅವನಿಗೆ ನಿಜಕ್ಕೂ ಹೇಳಿದ್ದೆನೇ? ಹೇಳಿದ್ದೆ ಎಂದೇ ನೆನಪು. ಆದರೆ ನನ್ನ ನೆನಪು ಯಾವತ್ತೂ ನನ್ನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಆ ನಗು ಮಾತ್ರ ಸುಳ್ಳಲ್ಲ.

ಆ ಕ್ಲಾಸಿಗೆ ಮತ್ತೆ ಕಾಲಿಡಬಾರದೆಂದರು. ವಾರದೊಳಗೆ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿದರು. ಸಾಗರದ ಬಸ್ಸಿಗೆ ನನ್ನ ಟ್ರಂಕು ಹೊತ್ತು ತಂದವನು ಆ ಗೆಳೆಯನೇ.

"ನನ್ನ ಕೆಲಸ ಖಾಯಂ ಆಗೋ ಹೊತ್ತು ಮಾರಾಯ. ಹುಡುಗ್ರಿಗೆ ನಾ ಹೇಳ್ತೀನಿ, ಅದು ಪಾಠ ಅಂತ."

"ಯಾವಾಗ?"

"ಹೇಳ್ತೀನಿ ಬಿಡಾ."

ಹೇಳಿದನೋ ಇಲ್ಲವೋ, ನಾನು ಮತ್ತೆ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಆ ಕ್ಲಾಸಿನ ಇಬ್ಬರು ಹುಡುಗರು ಏನೋ ಹೇಳಿಕೊಂಡು ನಗುತ್ತ ಕೂತಿದ್ದರು. ನನ್ನನ್ನು ಕಂಡೊಡನೆ ಮಾತು ನಿಲ್ಲಿಸಿ, ಎದ್ದು ನಿಂತು, ಕೈಮುಗಿದರು.