ಇದ್ದಿಲ ಬಸ್ಸಿನಲ್ಲಿ ಬೆಂದ ನಾತಾಳದ ಅಡುಗೆ

ನಮ್ಮ ಓಣಿಯ ಇಸ್ತ್ರಿಯವನು ಸಂಜೆ ಅಂಗಡಿ ಮುಚ್ಚುವ ಮುನ್ನ ಪೆಟ್ಟಿಗೆಯ ಕೆಂಡವನ್ನು ಗಟಾರದ ಪಕ್ಕಕ್ಕೆ ಸುರಿದು ಮೇಲೆ ಒಂದು ತಂಬಿಗೆ ನೀರು ಹೊಯ್ಯುತ್ತಾನೆ. ಚುಂಯ್ ಎನ್ನುವ ಸದ್ದು, ಒಂದಿಷ್ಟು ಹೊಗೆ, ನಂದಿದ ಇದ್ದಿಲಿನ ಆ ವಾಸನೆ... ಮೊನ್ನೆ ಅಂಗಿ ತರಲು ಹೋದವನು ಅಲ್ಲೇ ನಿಂತುಬಿಟ್ಟೆ. "ಯಾಕ್ರೀ ಅಜ್ಜಾರ, ಕಣ್ಣಾಗ ಹೊಗಿ ಹೋತೇನ್ರಿ?" ಎಂದು ಅವನು ಕೇಳಿದ. ಹೌದೆಂದೆ. ಉಳಿದದ್ದನ್ನು ಕೇಳಲು ಅವನಿಗೆ ಪುರಸೊತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಬಸ್ಸಿನ ಮಾಲೀಕನಾದ ನನ್ನ ಸೋದರಮಾವನ ಮಾತು. ಒಳಗೆ ಕೂತವರು ಯಾರೂ ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿ. ಅದರಲ್ಲಿ ಇದ್ದಿಲು ತುಂಬಿ, ಬುಡಕ್ಕೆ ಬೆಂಕಿ ಹಚ್ಚಿ, ಪಂಖ ತಿರುವಿ ತಿರುವಿ ರಟ್ಟೆ ಸೋತ ಮೇಲೆ ಗ್ಯಾಸು ಹುಟ್ಟಿ ಕೊಳವೆಯ ಮೂಲಕ ಇಂಜಿನ್ನಿಗೆ ಹೋಗಬೇಕು. ಏರು ಬಂದರೆ ಗಂಡಸರು ಇಳಿದು ದೂಡಬೇಕು. ಎತ್ತಿನ ಗಾಡಿಯವರು ನಮ್ಮನ್ನು ದಾಟಿ ಹೋಗುವಾಗ ಬೇಕೆಂದೇ ಕೈ ಬೀಸುತ್ತಿದ್ದರು. ಬೆಳಿಗ್ಗೆ ಸವಣೂರು ಬಿಟ್ಟರೆ ಶಿಗ್ಗಾಂವಿ, ಬಂಕಾಪುರ, ಹಾನಗಲ್ ಹಾದು ಹಿರೇಕೆರೂರು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ನಾನು ಆ ಬಸ್ಸಿನ ಕಂಡಕ್ಟರ್.

ಡ್ರೈವರರನ್ನು ನಾವೆಲ್ಲ ಉಸ್ತಾದರು ಎನ್ನುತ್ತಿದ್ದೆವು. ಹುಬ್ಬಳ್ಳಿಯ ರೈಲ್ವೆ ಮನೆಗಳಲ್ಲಿ ಬೆಳೆದ ಕ್ರಿಶ್ಚನ್ನರು. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಅವರಷ್ಟು ಅವಸರದ ಮನುಷ್ಯನನ್ನು ನಾನು ಆಮೇಲೆಯೂ ಕಾಣಲಿಲ್ಲ. ಚಹಾ ಆರುವ ತನಕ ಕಾಯದೆ ದಿನಾ ನಾಲಗೆ ಸುಟ್ಟುಕೊಳ್ಳುತ್ತಿದ್ದರು. ಅಂಗಿಯ ಗುಂಡಿ ಒಂದು ಬಿಟ್ಟು ಒಂದು ಹಾಕಿಕೊಳ್ಳುತ್ತಿದ್ದರು. ಪೆಟ್ರೋಲಿನ ದಿನಗಳಲ್ಲಿ ಅವರ ಹಾರನ್ ಕೇಳಿದರೆ ಬಂಕಾಪುರದ ಕೋಳಿಗಳು ತಾವಾಗಿಯೇ ಕಟ್ಟೆ ಹತ್ತುತ್ತಿದ್ದವಂತೆ. ಅಂಥವರ ಕೈಗೆ ಇದ್ದಿಲ ಬಸ್ಸು ಸಿಕ್ಕಿತ್ತು. ಸ್ಟೇರಿಂಗ್ ಹಿಡಿದು ಕೂತಲ್ಲೇ ತೊಡೆ ಕುಣಿಸುತ್ತಿದ್ದರು.

ಅವರ ಮನಸ್ಸು ಹಿರೇಕೆರೂರಿನ ದವಾಖಾನೆಯ ನರ್ಸಬಾಯಿಯ ಮೇಲಿತ್ತು. ಆಕೆಗೂ ಒಪ್ಪಿಗೆಯೇ. ಅಡ್ಡ ನಿಂತವರು ಆಕೆಯ ತಂದೆ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ಪೆನ್ಶನ್ ತೆಗೆದುಕೊಂಡ ಮುದುಕರು, ಬಾಯಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು. ಹಿಂದಿನ ವರ್ಷ ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ, ಉಸ್ತಾದರು ಹುಬ್ಬಳ್ಳಿಯಲ್ಲಿ ಹಂದಿಮಾಂಸದ ರೋಸ್ಟ್ ಮಾಡಿಕೊಂಡು ಹೋಗಿದ್ದರು. ಸ್ಟೋವಿಗೆ ಭರ್ರನೆ ಗಾಳಿ ಹೊಡೆದು ಸುಟ್ಟ ಅಡುಗೆ ಅದು; ಮೇಲೆಲ್ಲ ಕರಕಲು, ಒಳಗೆ ಚಪ್ಪಲಿಯ ತೊಗಲು. ಮುದುಕರು ಕಚ್ಚಿ ಎಳೆದರು. ಮಾಂಸ ಬರಲಿಲ್ಲ, ಮುಂದಿನ ಹಲ್ಲು ಬಂತು.

ಮುದುಕರು ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರಂತೆ. ಆಮೇಲೆ, "ಒಂದು ತುಣುಕು ಮಾಂಸ ಮೆತ್ತಗ ಬೇಯಸಾಕ ಪುರಸೊತ್ತಿಲ್ಲದಾವ ನನ್ನ ಮಗಳನ್ನ ಹೆಂಗ ಸಂಬಾಳಸ್ತೀಯೋ? ಮುಂದಿನ ನಾತಾಳಕ್ಕ ನನ್ನ ಒಸಡಿಗೆ ತಿನ್ನಾಕ ಬರೂ ಹಂಗ ಮಾಡ್ಕೊಂಡು ಬಾ. ಆಗದಿದ್ರ ಬರಬ್ಯಾಡ. ಬೆಳಗಾವ್ಯಾಗ ಒಬ್ಬ ಕಂಪೌಂಡರ ಕೇಳಾಕತ್ತಾನ" ಎಂದರಂತೆ.

ವರ್ಷವಿಡೀ ಉಸ್ತಾದರು ಇದೇ ಚಿಂತೆಯಲ್ಲಿದ್ದರು. ಮಾಂಸದ ಚಿಂತೆಯಲ್ಲ, ಒಲೆಯ ಚಿಂತೆ. ಹಿರೇಕೆರೂರಿನಲ್ಲಿ ಅವರ ಬಿಡಾರ ನಮ್ಮ ಮಾವನ ಮನೆಯ ಹೊರಖೋಲಿ. ಮಾವ ಲಿಂಗಪೂಜೆಯಾಗದೆ ನೀರು ಮುಟ್ಟದವನು. ತತ್ತಿ ಎಂದು ಬಾಯಲ್ಲಿ ಅಂದರೂ ಅತ್ತೆ ಅಂಗಳ ತೊಳೆಸುವವಳು. ಸವಣೂರಿನಲ್ಲಿ ಅವರು ಇಳಿಯುತ್ತಿದ್ದದ್ದು ಸೋಡಾ ಅಂಗಡಿಯ ಸಾಹೇಬರೊಬ್ಬರ ಮನೆಯಲ್ಲಿ. ಅಲ್ಲಿ ಎಲ್ಲ ಮಾಂಸವೂ ನಡೆಯುತ್ತಿತ್ತು, ಇದೊಂದು ಬಿಟ್ಟು. ಹೀಗೆ ನಾಲ್ಕು ತಾಲೂಕು ಸೇರಿ ಆ ಮಾಂಸಕ್ಕೆ ಒಂದು ಒಲೆ ಇರಲಿಲ್ಲ.

"ತಮ್ಮಾ," ಎಂದರು ಒಂದು ದಿನ, ಪಂಖ ತಿರುವುತ್ತ. "ದಿನಾ ಮುಂಜಾನಿಂದ ಸಂಜೀತನಾ ಬೆಂಕಿ ಹೊತ್ಕೊಂಡು ತಿರಗತೇವಿ. ಮಗ್ಗಲಾಗ ಒಂದು ಬೋಗಾಣಿ ಇಟ್ರ ಏನಾಗತೈತಿ?"

"ಮಾವಗ ಗೊತ್ತಾದ್ರ ನಿಮ್ಮ ನೌಕರಿ ಹೋಗತೈತ್ರಿ ಉಸ್ತಾದ್ರ."

"ನೌಕರಿ ಇನ್ನೊಂದು ಸಿಗತೈತಿ. ಆಕಿ ಸಿಗಂಗಿಲ್ಲ."

ಮಾರನೇ ದಿನವೇ ನಾನು ಹಳೇ ಡಬ್ಬವೊಂದನ್ನು ಹುಡುಕಿ ತಂದೆ. ಹಂದಿಮಾಂಸವನ್ನು ನಾನು ಜನ್ಮದಲ್ಲಿ ಬಾಯಿಗೆ ಹಾಕಿದವನಲ್ಲ, ಆದರೆ ಅದನ್ನು ಮೆತ್ತಗೆ ಬೇಯಿಸುವ ಬಗೆಯನ್ನು ಯಾರು ಕೇಳಿದರೂ ಹೇಳಬಲ್ಲೆ. ಹಬ್ಬದ ಹಿಂದಿನ ಸಂಜೆ ಗೆಳೆಯನೊಬ್ಬ ರೈಲಿನಲ್ಲಿ ಯಲವಿಗಿ ಸ್ಟೇಷನ್ನಿಗೆ ಭುಜದ ಮಾಂಸ ತಂದುಕೊಟ್ಟ. ಉಸ್ತಾದರು ಬಳ್ಳೊಳ್ಳಿ, ಕಾಳುಮೆಣಸು, ಲವಂಗ, ದಾಲ್ಚಿನ್ನಿ ಜಜ್ಜಿ ಉಪ್ಪು, ಹುಳಿಗೆ ಸಿರ್ಕಾ ಸೇರಿಸಿ ಮಾಂಸಕ್ಕೆ ತಿಕ್ಕಿ, ಬಸ್ಸಿನ ಹತ್ಯಾರದ ಪೆಟ್ಟಿಗೆಯಲ್ಲಿ ಬೆಳಗಿನ ತನಕ ಬಿಟ್ಟರು. ಬೆಳಿಗ್ಗೆ ದಪ್ಪ ತಳದ ಬೋಗಾಣಿಯಲ್ಲಿ ಉಳ್ಳಾಗಡ್ಡಿ ಹಾಸಿ, ಕೊಬ್ಬು ಮೇಲಾಗುವಂತೆ ಮಾಂಸವಿಟ್ಟು, ಹನಿ ನೀರು ಹಾಕದೆ ಮುಚ್ಚಳದ ಸುತ್ತ ಗೋಧಿಯ ಕಣಕ ಮೆತ್ತಿದರು. ಪೀಪಾಯಿಯಿಂದ ಹೊರಡುವ ಕಾದ ಕೊಳವೆಗೆ ಚಿಮಣಿ ಎಣ್ಣೆಯ ಹಳೇ ಡಬ್ಬವನ್ನು ತಂತಿಯಿಂದ ಬಿಗಿದಾಗಿತ್ತು. ಅದರಲ್ಲಿ ಬಿಸಿ ಬೂದಿ, ಬೂದಿಯ ಮೇಲೆ ಬೋಗಾಣಿ, ಬೋಗಾಣಿಯ ಮೇಲೆ ಮತ್ತೆ ಬೂದಿ. ಉರಿ ತಾಗಬಾರದು, ಕಾವು ಬಿಡಬಾರದು, ನಡುವೆ ಮುಚ್ಚಳ ತೆಗೆಯಬಾರದು. ಈ ಕೊನೆಯ ಕಟ್ಟಳೆ ಉಸ್ತಾದರಿಗೆ ಬಲು ಕಷ್ಟದ್ದು. ಶಿಗ್ಗಾಂವಿ ಬರುವುದರೊಳಗೆ "ಒಂದ ಸಲ ನೋಡ್ಲೇನು?" ಎಂದು ನಿಂತ ಕಡೆಯೆಲ್ಲ ಕೇಳಿದರು. ನಾನು ಅವರ ತೋಳು ಹಿಡಿದೆಳೆದು ಸೀಟಿಗೆ ಕೂಡಿಸಿದೆ.

ಶಿಗ್ಗಾಂವಿಯಲ್ಲಿ ಬಸ್ಸು ನಿಂತಾಗ ಮಾವನೇ ಗಂಟು ಹಿಡಿದು ನಿಂತಿದ್ದ, ಜೊತೆಗೆ ಮಗಳು. ಅವಳನ್ನು ಅದೇ ಊರಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ, ಸೀಮಂತದ ಕುಬಸ ಮುಗಿಸಿ ತವರಿಗೆ ಕರೆದೊಯ್ಯುತ್ತಿದ್ದ. ಬಸುರು ನಿಂತಂದಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಕೈಕಾಲು ಕಡ್ಡಿಯಾಗಿ ಜೀವವೇ ಇಲ್ಲದಂತೆ ಕಾಣುತ್ತಿದ್ದಳು. "ಸಾವಕಾಶ ನಡೀಪಾ ಡ್ರೈವರ, ಕೂಸು ಅಲುಗಬಾರ್ದು" ಎಂದು ಮಾವ ಮುಂದಿನ ಸೀಟಿನಲ್ಲಿ ಮಗಳನ್ನು ಕೂಡಿಸಿದ.

ಬಂಕಾಪುರ ದಾಟುವವರೆಗೆ ಎಲ್ಲ ನೆಟ್ಟಗಿತ್ತು. ಆಮೇಲೆ ಕಣಕ ಒಂದು ಕಡೆ ಬಿರಿದಿರಬೇಕು, ಗಾಳಿಯೂ ಹಿಂದಿನಿಂದ ಬೀಸತೊಡಗಿತು. ಬಸ್ಸಿನ ತುಂಬ ಪರಿಮಳ. ಪರಿಮಳ ಎಂದೇ ಹೇಳಬೇಕು, ಸುಳ್ಳು ಹೇಳಿ ಏನು ಪ್ರಯೋಜನ! ಹಾನಗಲ್ಲಿಗೆ ಹೊರಟಿದ್ದ ಆಚಾರ್ಯರೊಬ್ಬರು ಕಣ್ಣು ಮುಚ್ಚಿ ಮೂಗರಳಿಸಿ, "ಯಾರ ಬುತ್ತಿರೀ ಇದು? ಲವಂಗ ಭಾರಿ ಹದಾ ಬಿದ್ದದ" ಎಂದರು. ಸವಣೂರಿನ ವೀಳ್ಯದೆಲೆಯ ವ್ಯಾಪಾರಿ ಎಲೆಬುಟ್ಟಿಯ ಮೇಲಿಂದ ಎದ್ದು ನಿಂತು ಸುತ್ತ ನೋಡಿದ. ನಾನು ಟಿಕೆಟ್ಟಿನ ಚೀಲದಲ್ಲಿ ಮುಖವಿಟ್ಟು ಚಿಲ್ಲರೆ ಹುಡುಕತೊಡಗಿದೆ.

ಆಗ ಮಾವನ ಮಗಳು, "ಅಪ್ಪಾ, ಅದೇನೋ ವಾಸನಿ ಬರಾಕತ್ತೈತಲ್ಲ, ನನಗ ಅದು ಬೇಕು" ಎಂದಳು.

ತಿಂಗಳುಗಟ್ಟಲೆ ಏನೂ ಬೇಡವೆಂದವಳು ಬೇಕೆಂದಿದ್ದಳು. ಮಾವನ ಕಣ್ಣಲ್ಲಿ ನೀರೇ ಬಂತು. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಒಂದೇ ದನಿಯಲ್ಲಿ ಕೂಗಿದರು. "ಬಸರಿ ಬಯಕಿ ತೀರಸಬೇಕ್ರೀ ಸಾವ್ಕಾರ್ರ, ಇಲ್ಲಾಂದ್ರ ಕೂಸಿನ ಕಿವಿ ಸೋರತಾವು!" ಮಾವ ಗಾಡಿ ನಿಲ್ಲಿಸಲು ಹೇಳಿ ಒಬ್ಬೊಬ್ಬರ ಗಂಟನ್ನೂ ಮೂಸಿ ನೋಡುತ್ತ ಬಂದ. ಹಿಂದಿನ ಸೀಟು ಮುಟ್ಟಿದಾಗ ವಾಸನೆ ಹೊರಗಿನದೆಂದು ಅವನಿಗೆ ತಿಳಿಯಿತು.

ಉಸ್ತಾದರು ಅಷ್ಟರಲ್ಲಿ ಇಳಿದು ಪೀಪಾಯಿಯ ಹತ್ತಿರ ನಿಂತಿದ್ದರು. ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಕುರಿಯ ಮಾಂಸವೆನ್ನಬಹುದಿತ್ತು, ಮದ್ದು ಎನ್ನಬಹುದಿತ್ತು. ಕೈ ಮುಗಿದು ನೇರವಾಗಿ ಹೇಳಿದರು.

"ಸಾವ್ಕಾರ್ರ, ತಂಗೆವ್ವ ನನ್ನ ಒಡಹುಟ್ಟಿದಾಕಿ ಇದ್ದಂಗ. ಆಕೀಗೆ ಸುಳ್ಳು ಹೇಳಿ ತಿನಸಂಗಿಲ್ಲ. ಅದು ಹಂದಿ ಐತ್ರಿ."

ಮಾವನ ಕೈ ತಾನಾಗಿ ಕೊರಳ ಲಿಂಗದ ಕರಡಿಗೆಗೆ ಹೋಯಿತು. "ನನ್ನ ಬಸ್ಸಿನ್ಯಾಗ?"

"ಬಸ್ಸಿನ್ಯಾಗ ಅಲ್ರಿ. ಬಸ್ಸಿನ ಹಿಂದ."

ಆಮೇಲೆ ಮುದುಕರ ಹಲ್ಲು, ಬೆಳಗಾವಿಯ ಕಂಪೌಂಡರ್, ನರ್ಸಬಾಯಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಮಾವ ಕೇಳಿದನೋ ಇಲ್ಲವೋ. "ಕಿತ್ತ ಒಗೀ ಅದನ್ನ, ನೀನೂ ನಡಿ" ಎಂದು ಡಬ್ಬದ ಕಡೆ ಕೈ ಚಾಚಿದವನು ತಲೆಯೆತ್ತಿ ನೋಡಿದ. ಕಿಟಕಿಗಳಲ್ಲೆಲ್ಲ ತಲೆಗಳು. ಆಚಾರ್ಯರ ತಲೆ, ವ್ಯಾಪಾರಿಯ ತಲೆ, ತನ್ನದೇ ಮಠದ ಭಕ್ತರ ತಲೆಗಳು. ಬೋಗಾಣಿ ಹೊರಬಿದ್ದರೆ ನಾಳೆಯಿಂದ ಈ ಬಸ್ಸು ಹತ್ತುವವರು ಯಾರು? ಮಾವ ಕೈ ಹಿಂದಕ್ಕೆಳೆದುಕೊಂಡ. ಸುಳ್ಳಾಡಿ ರೂಢಿಯಿಲ್ಲದ ಮನುಷ್ಯ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಗಂಟಲು ಸರಿ ಮಾಡಿಕೊಂಡ.

"ಏನೂ ಇಲ್ರಿ. ಇಂಜಿನ್ನಿಗೆ ಮುಂಬೈದಿಂದ ಹೊಸಾ ಕಷಾಯ ತರಿಸೇನಿ. ಅದು ಕುದಿಯಾಕತ್ತೈತಿ."

"ಇಂಜಿನ್ನಿಗೆ ಬಳ್ಳೊಳ್ಳಿನೂ ಹಾಕ್ತಾರೇನ್ರಿ?" ಎಂದರು ಆಚಾರ್ಯರು.

"ಗ್ಯಾಸಿನ ಬಸ್ ಐತಲ್ರೀ ಸ್ವಾಮಿ, ವಾಯು ಹಿಡಿತೈತಿ."

ಆಚಾರ್ಯರು ಅದು ಸರಿಯೆಂದು ತಲೆಯಾಡಿಸಿದರು. ನಾನು ನಗು ತಡೆಯಲಾರದೆ ಪೀಪಾಯಿಯ ಹಿಂದೆ ಹೋಗಿ ಕೆಮ್ಮಿದೆ. ಆದರೆ ಮಾವನ ಮಗಳು ನಗುವ ಸ್ಥಿತಿಯಲ್ಲಿರಲಿಲ್ಲ. ಕಷಾಯವಾದರೂ ಸರಿ, ಬೇಕು ಎಂದು ಅಳತೊಡಗಿದಳು. ಹಾನಗಲ್ ಮುಟ್ಟಿದೊಡನೆ ಮಾವ ಉಸ್ತಾದರ ರಟ್ಟೆ ಹಿಡಿದು ಅಲ್ಲಿಯ ಖಾನಾವಳಿಯ ಒಲೆಯ ಮುಂದೆ ನಿಲ್ಲಿಸಿದ. "ಏನೇನು ಹಾಕೀಯೋ ಒಂದೂ ಬಿಡಲಾರದ ಈ ಅಕ್ಕಗ ಹೇಳು" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

ಎಳೆ ಮುಳಗಾಯಿಗೆ, ಅಂದರೆ ಬದನೆಗೆ, ಅದೇ ಮಸಾಲೆ ತುಂಬಿ ಮುಚ್ಚಿ ಬೇಯಿಸಬೇಕೆಂದು ನಿಶ್ಚಯವಾಯಿತು. ಖಾನಾವಳಿಯ ಅಕ್ಕ ಜನ ಕಾಯುತ್ತಿದ್ದಾರೆಂದು ಒಲೆಗೆ ಕಟ್ಟಿಗೆ ತುರುಕಿದಳು. ಉಸ್ತಾದರು ಬಗ್ಗಿ ಕಟ್ಟಿಗೆ ಹಿಂದಕ್ಕೆಳೆದು, "ಉರಿ ಸಣ್ಣದ ಇರ್ಲಿ ಅಕ್ಕಾರ, ಅವಸರ ಮಾಡಬ್ಯಾಡ್ರಿ" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಮುಳಗಾಯಿ ತನ್ನ ಪಾಡಿಗೆ ಬೆಂದಿತು. ಮಾವನ ಮಗಳು ರೊಟ್ಟಿಯ ಮೇಲೆ ರೊಟ್ಟಿ ತಿಂದಳು, ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಕಾಯ್ದು ಸಿಟ್ಟಾಗಿದ್ದ ಪ್ರಯಾಣಿಕರೂ ಒಬ್ಬೊಬ್ಬರಾಗಿ ಬಂದು ಮುಳಗಾಯಿ ಕೇಳಿ ಉಂಡರು. ಅಷ್ಟೂ ಹೊತ್ತು ಹೊರಗೆ ಬೂದಿಯೊಳಗೆ ಬೋಗಾಣಿ ಸುಮ್ಮನೆ ಕುಳಿತಿತ್ತು. ಹೊರಡುವಾಗ ಮಾವ ನನ್ನ ಕಿವಿಯ ಹತ್ತಿರ ಬಂದು, "ಅದರ ಕಾವು ಆರೈತೇನು ನೋಡು" ಎಂದ. ಯಾವುದರದು ಎಂದು ನಾನು ಕೇಳಲಿಲ್ಲ. ಕೆಂಡ ಬಗೆದು ಹೊಸ ಬೂದಿ ಸುರಿದೆ.

ಹಿರೇಕೆರೂರಿನಲ್ಲಿ ನರ್ಸಬಾಯಿಯ ಮನೆಗೆ ಬೋಗಾಣಿ ಹೊತ್ತವನು ನಾನೇ. ಉಸ್ತಾದರು ಬಿಟ್ಟ ಗುಂಡಿಗಳನ್ನು ಹಾಕಿಕೊಳ್ಳುತ್ತ ಮುಂದೆ ನಡೆದರು. ಕಣಕ ಒಡೆದು ಮುಚ್ಚಳ ತೆಗೆದರೆ ಎಲುಬು ತಾನಾಗಿ ಬಿಟ್ಟುಕೊಂಡಿತ್ತು. ಚಾಕು ಬೇಕಾಗಲಿಲ್ಲ, ಚಮಚೆ ಸಾಕಾಯಿತು. ಮುದುಕರು ಒಂದು ತುಣುಕು ಬಾಯಲ್ಲಿಟ್ಟು ಒಸಡಿನಿಂದ ಹಿಸುಕಿದರು. ಇನ್ನೊಂದು ತೆಗೆದುಕೊಂಡರು.

"ಎಷ್ಟೊತ್ತು ಬೇಯಿಸಿದಿ?"

"ಸವಣೂರಿಂದ ಹಿರೇಕೆರೂರ ತನಕ."

"ನಡುವ ಅವಸರ ಮಾಡ್ಲಿಲ್ಲೇನು?"

"ಮಾಡಾವ ಇದ್ದೆ ಮಾಮಾ. ಬಸ್ಸು ಬಿಡ್ಲಿಲ್ಲ."

ಮುದುಕರು ಬೊಚ್ಚುಬಾಯಿ ತೆರೆದು ನಕ್ಕರು. ನರ್ಸಬಾಯಿ ಸೆರಗನ್ನು ಬಾಯಿಗೆ ಹಿಡಿದು ಒಳಗೆ ಓಡಿದಳು.

ಬೇಸಿಗೆಯಲ್ಲಿ ಮದುವೆಯಾಯಿತು. ಮಾವ ಹೋಗಲಿಲ್ಲ, ಹಾನಗಲ್ಲಿನ ಅಕ್ಕಿಯ ಚೀಲವೊಂದನ್ನು ಕಳಿಸಿದ. ಉಸ್ತಾದರ ನೌಕರಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ಹಂದಿಯ ಮಾತನ್ನಂತೂ ಸಾಯುವ ತನಕ ಎತ್ತಲಿಲ್ಲ. ಯುದ್ಧ ಮುಗಿದು ಪೆಟ್ರೋಲು ಬಂದ ಮೇಲೆ ಪೀಪಾಯಿ ಗುಜರಿಗೆ ಹೋಯಿತು, ಉಸ್ತಾದರು ಹೆಂಡತಿಯೊಡನೆ ಹುಬ್ಬಳ್ಳಿಗೆ ಹೋದರು. ಪೇಟೆಗೆ ಹೋದಾಗಲೆಲ್ಲ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಅವರು ಕಪ್ಪಿನ ಚಹಾವನ್ನು ಬಸಿಗೆ ಸುರಿದು ಊದಿ, ಆರಿದ ಮೇಲೆಯೇ ಕುಡಿಯುತ್ತಿದ್ದರು...

ಈ ಮಳೆಗಾಲದಲ್ಲಿ ಅವರು ಹೋದ ಸುದ್ದಿ ನನಗೆ ತಡವಾಗಿ ತಲುಪಿತು. ನಾನು ಹುಬ್ಬಳ್ಳಿಗೆ ಹೋದಾಗ ಮಣ್ಣಾಗಿ ವಾರವೇ ಕಳೆದಿತ್ತು. ನರ್ಸಬಾಯಿ ಎದುರಿಗೆ ಕೂತು ಹೇಳಿದರು. "ಬಾಯಾಗ ಒಂದೂ ಹಲ್ಲ ಉಳದಿರ್ಲಿಲ್ರಿ. ಆದ್ರೂ ಅದ ಬೇಕು ಅಂದ್ರು. ಮುಂಜಾನಿಂದ ಸಣ್ಣ ಉರಿ ಮ್ಯಾಲೆ ಇಟ್ಟಿದ್ದೆ. ಮಧ್ಯಾಹ್ನ ಒಂದು ಚೂರು ತಿಂದು ನೋಡಿ, ಇನ್ನಾ ಸ್ವಲ್ಪ ಬೇಯ್ಲಿ, ನಾ ಮಲಗಿರ್ತೇನಿ ಅಂದ್ರು. ಬೆಂದ ಮ್ಯಾಲೆ ಎಬ್ಬಸಾಕ ಹೋದೆ..." ಅಲ್ಲಿಗೆ ನಿಲ್ಲಿಸಿ ಸೆರಗ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಇಷ್ಟು ವರ್ಷ ಎಷ್ಟು ಸಾವಕಾಶ ಇದ್ರು. ಕಡೀಕ ಅವಸರ ಮಾಡಿದ್ರು ನೋಡ್ರಿ."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಇಬ್ಬರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಇದನ್ನು ಬರೆಯುವಾಗಲೂ ಮೊದಲು ಬರುವುದು ನಗುವೇ. ಉಸ್ತಾದರಿಗೆ ಓದಿ ತೋರಿಸಬೇಕೆನಿಸುತ್ತದೆ. ಅವರು ಇಲ್ಲ.