ಹೊಳೆಯಿಂದ ತಂದ ಮರಳು

ಆಗ ನನಗೆ ನಲವತ್ತೆರಡು. ಅದಾಗಿ ಮೂವತ್ತಾರು ವರ್ಷ. ಮೊನ್ನೆ ಬಂಗಾರಪೇಟೆಯ ನಮ್ಮ ಬೀದಿಯ ಕೊನೆಯಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಹೋಗುತ್ತಿದ್ದೆ. ಸುಡದ ಮಣ್ಣಿನ ಇಟ್ಟಿಗೆಗೆ ನೀರು ಚಿಮುಕಿಸುತ್ತಿದ್ದರು. ನಿಮಗೆ ಆ ವಾಸನೆ ಇಷ್ಟವಿರಬಹುದು. ಬಸುರಿಯರಿಗಂತೂ ಬಾಯಲ್ಲಿ ನೀರೂರುತ್ತದೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಚಿನ್ನದ ಗಣಿಯ ಊರಿಗಾಂ ಆಚೆ, ಕಲ್ಲು ಅರೆದು ಸೈನೈಡ್ ವಿಷ ಹಾಕಿ ಚಿನ್ನ ತೆಗೆದು ಚೆಲ್ಲಿದ ಬೂದಿ ಬಣ್ಣದ ಪುಡಿ ಗುಡ್ಡವಾಗಿ ಬಿದ್ದಿತ್ತು. ಅದನ್ನು ಸೈನೈಡ್ ಗುಡ್ಡ ಎನ್ನುತ್ತಿದ್ದೆವು. ಅದರ ಬೆನ್ನಿಗೇ ಆಗಿನ ನಮ್ಮ ಹಳ್ಳಿ. ಅಲ್ಲಿಗೆ ಮೀಸೆ ಸರಿಯಾಗಿ ಮೂಡದ ಒಬ್ಬ ಇಂಜಿನಿಯರ್ ಬಂದ. ಇಟ್ಟಿಗೆ ಸುಡಬೇಡಿ, ಸೌದೆ ಉಳಿಯುತ್ತದೆ. ಕೆರೆಮಣ್ಣಿಗೆ ಮರಳು ಬೆರೆಸಿ ಮಿಷನ್ನಿನಲ್ಲಿ ಒತ್ತಿ, ಗೋಡೆ ದಪ್ಪ ಕಟ್ಟಿ, ಬಿಸಿಗಾಳಿ ಹೋಗಲು ಮೇಲೆ ಕಿಂಡಿ ಬಿಡಿ, ಫ್ಯಾನೇ ಬೇಡ ಅಂದ. ನಾವು ನಕ್ಕೆವು. ನಮಗೆ ಕರೆಂಟೇ ಇರಲಿಲ್ಲ, ಫ್ಯಾನು ಕೇಳಿದವರು ಯಾರು? ಆದರೂ ಕೂಲಿಗೆ ಹೋದೆ. ಮಿಷನ್ನಿನ ಹಿಡಿ ಎಳೆಯುವುದು ಗಂಡಸರ ಕೆಲಸ ಅಂದವರ ಎದುರಿಗೇ ಎಳೆದೆ. ಮೊದಲ ಮನೆ ನನಗೇ ಅಂತಾಯಿತು.

ಮರಳು ಹೊಳೆಯದ್ದೇ ಆಗಬೇಕು ಅಂತ ಅವನ ಕಟ್ಟುನಿಟ್ಟು. ಹೊಳೆ ಇದ್ದದ್ದು ಬೇತಮಂಗಲದ ಕಡೆ. ಹೊತ್ತು ತರಲು ಅರ್ಧ ದಿನ. ಗುಡ್ಡ ಹಿತ್ತಿಲಲ್ಲೇ ಇತ್ತು. ಅಲ್ಲಿ ನಿಂತ ನೀರನ್ನು ಆಡಿಗೂ ಕುಡಿಸಬಾರದು ಅನ್ನುವುದು ತಿಳಿದಿತ್ತು. ಆದರೆ ಗೋಡೆಯನ್ನು ಯಾರು ತಿನ್ನುತ್ತಾರೆ ಅಂದುಕೊಂಡು ಗುಡ್ಡದ ಪುಡಿಯನ್ನೇ ಮಂಕರಿಗೆ ತುಂಬಿದೆ. ಬಸುರಿಯಾಗಿದ್ದಾಗ ಗೋಡೆ ಕೆರೆದು ತಿಂದವಳೇ ಹಾಗೆ ಅಂದುಕೊಂಡೆ ನೋಡಿ!

ಇಟ್ಟಿಗೆ ಸೋಪಿನ ಬಿಲ್ಲೆಯ ಹಾಗೆ ಅಂಚು ಕಟ್ಟಿ ಬಂತು. ಇಂಜಿನಿಯರ್ ಬೆರಳಾಡಿಸಿ ನೋಡಿದ.

“ಬಹಳ ನುಣುಪಾಗಿದೆ. ಮರಳು ಎಲ್ಲಿಂದ ತಂದಿರಮ್ಮ?”

“ಒಳೆಯಿಂದ್ಲೇ ಸಾರ್, ಇನ್ನೆಲ್ಲಿಂದ ತತ್ತೀವಿ?”

ನಂಬಿದ. ಒಳ್ಳೆಯ ಕೆಲಸಗಾತಿ ಅಂತ ನಾಲ್ಕು ಜನರ ಮುಂದೆ ಹೊಗಳಿದ. ನಾನೂ ಸೆರಗು ಸರಿಮಾಡಿಕೊಂಡು ಹೊಗಳಿಸಿಕೊಂಡೆ.

ಮನೆ ತಂಪೆಂದರೆ ತಂಪು. ಅದರಲ್ಲಿ ಸುಳ್ಳಿಲ್ಲ. ಏಪ್ರಿಲ್ ಮಧ್ಯಾಹ್ನದಲ್ಲೂ ನೀರಿನ ಮಡಕೆಯೊಳಗೆ ಕುಳಿತ ಹಾಗಿರುತ್ತಿತ್ತು. ಮಗಳು ರತ್ನ ಮೊದಲ ಹೆರಿಗೆಗೆ ಅಲ್ಲಿಗೇ ಬಂದಳು. ಒಂದು ದಿನ ಕಸ ಗುಡಿಸುವಾಗ ಅವಳ ಚಾಪೆಯ ಪಕ್ಕದ ಗೋಡೆಯಲ್ಲಿ ಅಂಗೈ ಅಗಲದ ಗುಳಿ ಕಂಡೆ.

“ಏನೇ ಇದು, ಇಲಿ ಕೆರ್ದಂಗೈತೆ?”

“ಇಲಿ ಅಲ್ಲ ಕಣಮ್ಮ, ನಾನೇ. ವಾಸ್ನೆ ತಡ್ಯಕಾಗ್ಲಿಲ್ಲ. ನಾನು ಒಟ್ಟೇಲಿದ್ದಾಗ ನೀನು ತಿಂದಿಲ್ವಾ?”

“ಎಷ್ಟು ದಿನದಿಂದ್ಲೇ?”

“ಬಂದಾಗಿಂದ. ಊಟ ಬುಟ್ರೂ ಇದು ಬುಡಕಾಗಲ್ಲ” ಅಂತ ನಕ್ಕಳು. ಹಲ್ಲಿನ ಸಂದಿಯಲ್ಲೆಲ್ಲ ಬೂದಿ ಬಣ್ಣ.

ಬಾಯಿಗೆ ಬೆರಳು ಹಾಕಿ ತೆಗೆದೆ. “ಸಾಯ್ಸ್ತೀಯೇನಮ್ಮ!” ಅಂತ ಕೈ ಕೊಡವಿದಳು.

ಎರಡು ವಾರ ಕಳೆದು ಗಂಡುಮಗು ಹುಟ್ಟಿತು. ಅಳಲಿಲ್ಲ, ಉಸಿರೂ ಇರಲಿಲ್ಲ. “ಯಾಕೆ ಅಂತ ಏಳಕಾಗಲ್ಲಮ್ಮ, ನೂರು ಕಾರಣ ಇರ್ತವೆ” ಅಂದಳು ನರ್ಸು. ಇರಬಹುದು. ನನಗೆ ಗೊತ್ತಿದ್ದದ್ದು ಒಂದೇ.

ಮುಂದಿನ ಮನೆಗೆ ಅದೇ ಪುಡಿ ಬೆರೆಸಿ ಒತ್ತಿ ಒಣಗಿಸಿಟ್ಟಿದ್ದ ಇಟ್ಟಿಗೆಯನ್ನೆಲ್ಲ ಹಾರೆಯಿಂದ ಒಡೆದು, ಮಳೆಗೆ ಕರಗಿತು ಅಂದೆ. ನನ್ನ ಗೋಡೆಗೆ ಗಾರೆ ಬಳಿದೆ. ಮಣ್ಣಿನ ಮನೆ ನಿಲ್ಲುವುದಿಲ್ಲ ಅಂತ ಊರು ಆಡಿಕೊಂಡಿತು. ಇಂಜಿನಿಯರ್ ಮುಖ ಸಣ್ಣದು ಮಾಡಿಕೊಂಡು ಮಿಷನ್ನು ಲಾರಿಗೆ ಹಾಕಿಸಿ ಹೋದ. ಅವನು ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ರತ್ನಳಿಗೂ ನಾನು ಇದನ್ನು ಇವತ್ತಿನವರೆಗೆ ಹೇಳಿಲ್ಲ. ನಾನು ಇದನ್ನು ಬರೆಯುತ್ತಿರುವುದು ಒಂದೊಂದೇ ಅಕ್ಷರ ಕೂಡಿಸಿ. ಅವಳು ಸರಾಗ ಓದುತ್ತಾಳೆ. ಓದಲಿ.

ಮೊನ್ನೆ ಆ ವಾಸನೆ ಬಂದಾಗ ತಲೆ ತಗ್ಗಿಸಿಕೊಂಡು ಮನೆಗೆ ಬಂದೆ. ಮಾರನೇ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಅಲ್ಲಿಗೆ ಹೋದೆ.

“ಏನಜ್ಜಿ, ಕೂಲಿಗೆ ಬಂದ್ಯಾ?” ಅಂದ ಮೇಸ್ತ್ರಿ.

ಮರಳಿನ ರಾಶಿಗೆ ಕೈ ಹಾಕಿದೆ. ತರಿಯೇ ಇಲ್ಲ, ಹಿಟ್ಟಿನಂತೆ ಜಾರಿತು.

“ಎಲ್ಲೀದಪ್ಪ ಇದು?”

“ಒಳೇದೇ ಅಜ್ಜಿ, ಇನ್ನೆಲ್ಲೀದು?”

ರಾಶಿಯ ಮೇಲೇ ಕುಳಿತೆ. “ಮಣ್ಣು ಕಲಸ್ಬ್ಯಾಡ. ಮನೆ ಕಟ್ಟಿಸ್ತಿರೋರ್ನ ಕರಿ. ಅವರ್ಗೆ ನಾನೊಂದು ಮಾತು ಏಳ್ಬೇಕು.”